ಅಂಟಬೇಕೋ ಬಿಡಬೇಕೋ? ಪ್ರೋಟೀನ್‌ಗಳ ನಂಟು ಮತ್ತು ನೀಲಗಿರಿಯ ಕುಡುಗೋಲು ಕಣ



ಈ ಪಾಠ ಓದುವ ಮೊದಲು ಅಡುಗೆಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ಒಂದು ಲೋಟ ಬೆಚ್ಚಗಿನ ಹಾಲು ತೆಗೆದುಕೊಳ್ಳಿ. ಅದಕ್ಕೆ ಅರ್ಧ ಹೋಳು ನಿಂಬೆಹಣ್ಣಿನ ರಸ ಹಿಂಡಿ, ನಿಧಾನವಾಗಿ ಕಲಕಿ. ಸ್ವಲ್ಪ ಹೊತ್ತಿನಲ್ಲೇ ಹಾಲು ಒಡೆದು, ಬಿಳಿ ಗಂಟುಗಳು ಒಂದು ಕಡೆ, ತಿಳಿ ನೀರು ಒಂದು ಕಡೆ ಆಗುತ್ತದೆ. ಇದು ನಿಮಗೆಲ್ಲ ಗೊತ್ತಿರುವ ವಿಷಯವೇ. ಆದರೆ ಒಂದು ಪ್ರಶ್ನೆ: ಆ ಬಿಳಿ ಗಂಟಿನಲ್ಲಿರುವ ಪ್ರೋಟೀನ್ ಮೊದಲೂ ಹಾಲಿನಲ್ಲೇ ಇತ್ತಲ್ವಾ? ಆಗ ಯಾಕೆ ಗಂಟು ಕಟ್ಟಲಿಲ್ಲ? ನಿಂಬೆರಸ ಬಿದ್ದ ಕೂಡಲೇ ಯಾಕೆ ಕಟ್ಟಿತು?

ಹಾಲಿನ ಮುಖ್ಯ ಪ್ರೋಟೀನಿನ ಹೆಸರು ಕೇಸೀನ್. ಹಾಲಿನಲ್ಲಿ ಅದು ಕಣ್ಣಿಗೆ ಕಾಣದ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಮೈಮೇಲೂ ಋಣ ವಿದ್ಯುದಾವೇಶ ಇರುತ್ತದೆ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂಡುತ್ತವೆ ಎಂದು ಭೌತವಿಜ್ಞಾನದಲ್ಲಿ ಓದಿದ್ದೀರಿ. ಆದ್ದರಿಂದ ಉಂಡೆಗಳು ಹತ್ತಿರ ಬಂದರೂ ಅಂಟುವುದಿಲ್ಲ. ನಿಂಬೆರಸದ ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳಿವೆ. ಇವು ಧನ ಆವೇಶದವು. ಇವು ಹೋಗಿ ಕೇಸೀನ್‌ಗೆ ಕೂಡಿಕೊಂಡಾಗ ಅದರ ಋಣ ಆವೇಶ ಕಡಿಮೆಯಾಗುತ್ತಾ ಬಂದು, ಪಿಎಚ್ ಸುಮಾರು 4.6 ತಲುಪಿದಾಗ ಒಟ್ಟು ಆವೇಶ ಸೊನ್ನೆ ಆಗುತ್ತದೆ. ದೂಡುವ ಬಲ ಹೋಯಿತು. ಉಂಡೆಗಳು ಒಂದಕ್ಕೊಂದು ಅಂಟಿದವು. ಹಾಲು ಒಡೆಯಿತು.

ಇಲ್ಲಿ ಗಮನಿಸಬೇಕಾದ ಮಾತು ಒಂದೇ. ಪ್ರೋಟೀನ್ ಬದಲಾಗಲಿಲ್ಲ, ಅದರ ಮೈಮೇಲಿನ ಕೆಲವೇ ಪರಮಾಣುಗಳ ಸ್ಥಿತಿ ಬದಲಾಯಿತು. ಅಷ್ಟಕ್ಕೇ ಒಂದು ಪ್ರೋಟೀನ್ ಇನ್ನೊಂದಕ್ಕೆ ಅಂಟಿಕೊಂಡಿತು. ನಮ್ಮ ದೇಹದ ಜೀವಕೋಶಗಳು ಇದೇ ಉಪಾಯವನ್ನು ದಿನವಿಡೀ ಬಳಸುತ್ತವೆ. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗೂಡಲೂರಿನ ಕಡೆಯ ಎಷ್ಟೋ ಮನೆಗಳು ಅನುಭವಿಸುತ್ತಿರುವ ಒಂದು ಕಾಯಿಲೆಯೇ ಉದಾಹರಣೆ. ಒಂದೊಂದಾಗಿ ನೋಡೋಣ.

ಪ್ರೋಟೀನಿನ ಮೈ ಹೇಗಿರುತ್ತದೆ?

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಮಣಿಗಳಲ್ಲಿ 20 ಬಗೆ. ಸರ ಮಡಚಿಕೊಂಡು ಒಂದು ನಿರ್ದಿಷ್ಟ ಆಕಾರ ಪಡೆಯುತ್ತದೆ. ಹೊರಮೈಯಲ್ಲಿ ಯಾವ ಮಣಿಗಳು ಕಾಣುತ್ತವೆ ಎನ್ನುವುದರ ಮೇಲೆ ಅದರ ಸ್ವಭಾವ ನಿಂತಿದೆ. ಗ್ಲುಟಾಮಿಕ್ ಆಮ್ಲದಂಥ ಮಣಿಗಳಿಗೆ ಋಣ ಆವೇಶ ಇದೆ. ಲೈಸೀನ್‌ನಂಥವಕ್ಕೆ ಧನ ಆವೇಶ. ವ್ಯಾಲೀನ್, ಲ್ಯೂಸೀನ್‌ನಂಥ ಮಣಿಗಳು ಎಣ್ಣೆಯ ಹಾಗೆ, ನೀರಿನ ಸಹವಾಸ ಒಲ್ಲವು. ನೀರಿನ ಮೇಲೆ ಎರಡು ಎಣ್ಣೆ ಹನಿ ಬಿಟ್ಟರೆ ಅವು ಒಂದಾಗುತ್ತವೆ ನೋಡಿ, ಹಾಗೆಯೇ ಎಣ್ಣೆ ಸ್ವಭಾವದ ಎರಡು ಜಾಗಗಳು ಎದುರುಬದುರಾದರೆ ಅಂಟಿಕೊಳ್ಳುತ್ತವೆ.

ಹಾಗಾದರೆ ಎರಡು ಪ್ರೋಟೀನ್‌ಗಳು ಕೂಡಬೇಕಾದರೆ ಮೂರು ವಿಷಯ ಹೊಂದಬೇಕು. ಆಕಾರ ಹೊಂದಬೇಕು, ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರಬೇಕು. ಆವೇಶ ಹೊಂದಬೇಕು. ಎಣ್ಣೆ ಸ್ವಭಾವದ ಜಾಗಗಳು ಎದುರು ಬರಬೇಕು. ಇವುಗಳಲ್ಲಿ ಒಂದನ್ನು ಬದಲಿಸಿದರೂ ನಂಟು ಕೂಡಬಹುದು ಅಥವಾ ಮುರಿಯಬಹುದು.

ಜೀವಕೋಶ ಹಚ್ಚುವ ಗುರುತು

ಜೀವಕೋಶ ಈ ಬದಲಾವಣೆಯನ್ನು ಬೇಕೆಂದೇ ಮಾಡುತ್ತದೆ. ಅದರ ಅತಿ ಸಾಮಾನ್ಯ ಉಪಾಯ ಫಾಸ್ಫೇಟ್ ಗುಂಪನ್ನು ಹಚ್ಚುವುದು. ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಪ್ರೋಟೀನಿನ ಸೆರೀನ್, ಥ್ರಿಯೋನೀನ್ ಅಥವಾ ಟೈರೋಸೀನ್ ಎಂಬ ಮಣಿಗೆ ಸೇರಿಸುವ ಕಿಣ್ವಗಳಿಗೆ ಕೈನೇಸ್ ಎನ್ನುತ್ತಾರೆ. ಅದನ್ನು ಕಿತ್ತುಹಾಕುವ ಕಿಣ್ವಗಳಿಗೆ ಫಾಸ್ಫಟೇಸ್ ಎಂದು ಹೆಸರು. ಒಂದು ಹಚ್ಚುತ್ತದೆ, ಒಂದು ಅಳಿಸುತ್ತದೆ. ದೀಪದ ಸ್ವಿಚ್ ಇದ್ದ ಹಾಗೆ. ಈ ಸ್ವಿಚ್ಚನ್ನು ಕಂಡುಹಿಡಿದದ್ದಕ್ಕಾಗಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾವು ಆಗಲೇ ನೋಡಿದ ಕೇಸೀನ್ ಕೂಡ ಫಾಸ್ಫೇಟ್ ಹಚ್ಚಿಸಿಕೊಂಡ ಪ್ರೋಟೀನೇ. ಹಾಲಿನ ಕ್ಯಾಲ್ಸಿಯಂನ ಒಂದು ದೊಡ್ಡ ಪಾಲು ಆ ಫಾಸ್ಫೇಟ್‌ಗಳ ಜೊತೆ ಸೇರಿ ಉಂಡೆಯೊಳಗೆ ನಿಂತಿರುತ್ತದೆ.

ಫಾಸ್ಫೇಟ್ ಗಾತ್ರದಲ್ಲಿ ಚಿಕ್ಕದು, ಆದರೆ ಬಲವಾದ ಋಣ ಆವೇಶ ಹೊತ್ತು ತರುತ್ತದೆ. ಅದರಿಂದ ಎರಡು ಬಗೆಯ ಪರಿಣಾಮ ಆಗಬಹುದು.

ಮೊದಲನೆಯದು, ಹೊಸ ನಂಟು ಕೂಡುವುದು. ಊಟವಾದ ಮೇಲೆ ಇನ್ಸುಲಿನ್ ಹಾರ್ಮೋನು ಜೀವಕೋಶದ ಹೊರಮೈಯಲ್ಲಿರುವ ತನ್ನ ಗ್ರಾಹಕಕ್ಕೆ ತಾಗುತ್ತದೆ. ಆಗ ಗ್ರಾಹಕದ ಒಳಭಾಗ ತನ್ನ ಟೈರೋಸೀನ್ ಮಣಿಗಳಿಗೂ ಪಕ್ಕದ ಒಂದು ಪ್ರೋಟೀನಿನ ಟೈರೋಸೀನ್ ಮಣಿಗಳಿಗೂ ಫಾಸ್ಫೇಟ್ ಹಚ್ಚುತ್ತದೆ. ಜೀವಕೋಶದಲ್ಲಿ ಓಡಾಡುವ ಬೇರೆ ಪ್ರೋಟೀನ್‌ಗಳಲ್ಲಿ ಆ ಫಾಸ್ಫೇಟ್‌ಗೆ ಸರಿಯಾಗಿ ಹೊಂದುವ ತಗ್ಗು ಇರುತ್ತದೆ. ಫಾಸ್ಫೇಟ್ ಕಂಡರೆ ಬಂದು ಕೂರುತ್ತವೆ, ಇಲ್ಲದಿದ್ದರೆ ಇಲ್ಲ. ಹೀಗೆ ಒಂದಕ್ಕೊಂದು ಸುದ್ದಿ ದಾಟಿ, ಕೊನೆಗೆ ಸ್ನಾಯುವಿನ ಜೀವಕೋಶ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಎರಡನೆಯದು, ಇದ್ದ ನಂಟು ಬಿಡುವುದು. ಕೆಂಪು ರಕ್ತಕಣದ ಪೊರೆಯಲ್ಲಿ ‘ಬ್ಯಾಂಡ್ 3’ ಎಂಬ ಪ್ರೋಟೀನ್ ಇದೆ. ಅದರ ಒಳಬಾಲಕ್ಕೆ ಸಕ್ಕರೆ ಒಡೆಯುವ ಕೆಲವು ಕಿಣ್ವಗಳು ಅಂಟಿಕೊಂಡು ಸುಮ್ಮನೆ ಕೂತಿರುತ್ತವೆ. ಆ ಬಾಲದ ಒಂದು ಟೈರೋಸೀನ್‌ಗೆ ಫಾಸ್ಫೇಟ್ ಹಚ್ಚಿದರೆ ಕಿಣ್ವಗಳು ಬಿಟ್ಟುಕೊಂಡು ಕೆಲಸಕ್ಕೆ ಇಳಿಯುತ್ತವೆ.

ಫಾಸ್ಫೇಟ್ ಒಂದೇ ಅಲ್ಲ. ಅಸಿಟೈಲ್, ಮೀಥೈಲ್ ಗುಂಪುಗಳನ್ನೂ ಜೀವಕೋಶ ಹಚ್ಚುತ್ತದೆ, ತೆಗೆಯುತ್ತದೆ. ನೆನಪಿಡಿ: ಆರೋಗ್ಯವಂತ ಜೀವಕೋಶದಲ್ಲಿ ಅಂಟುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯ.

ನೀಲಗಿರಿಯಲ್ಲಿ 1952

ಈಗ ಮತ್ತೊಂದು ಕೆಂಪು ರಕ್ತಕಣದ ಕಥೆಗೆ ಬರೋಣ. 1952ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ನೀಲಗಿರಿ ಬೆಟ್ಟಗಳ ಬುಡಕಟ್ಟು ಜನರ ರಕ್ತ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಕೆಲವರ ಕೆಂಪು ಕಣಗಳು ಆಮ್ಲಜನಕ ಕಳೆದುಕೊಂಡಾಗ ದುಂಡಗಿನ ಆಕಾರ ಬಿಟ್ಟು ಕುಡುಗೋಲಿನ ಹಾಗೆ ಬಾಗುತ್ತಿದ್ದವು. ಭಾರತದಲ್ಲಿ ಕುಡುಗೋಲು ಕಣದ ಬಗ್ಗೆ ಬಂದ ಮೊಟ್ಟಮೊದಲ ವರದಿಗಳಲ್ಲಿ ಇದು ಒಂದು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕಾರ್ಮಿಕರಲ್ಲೂ ಇದು ಕಂಡುಬಂದ ವರದಿಯಾಯಿತು. ಮುಂದೆ ಗೂಡಲೂರು, ವಯನಾಡು ಸೀಮೆಯ ಆದಿವಾಸಿಗಳಲ್ಲಿ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಮಧ್ಯ ಭಾರತದ ಅನೇಕ ಸಮುದಾಯಗಳಲ್ಲಿ ಇದೇ ಕಣ ಕಾಣಿಸಿತು.

ಈ ಕಾಯಿಲೆಯನ್ನು ಕುಡುಗೋಲು ಕಣ ರಕ್ತಹೀನತೆ ಅಥವಾ ಸಿಕಲ್ ಸೆಲ್ ಕಾಯಿಲೆ ಎನ್ನುತ್ತಾರೆ. ಆರೋಗ್ಯವಂತ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಈ ಕಾಯಿಲೆಯವರ ಕಣ 10ರಿಂದ 20 ದಿನದಲ್ಲೇ ಒಡೆದುಹೋಗುತ್ತದೆ. ಆದ್ದರಿಂದ ರಕ್ತಹೀನತೆ, ಸುಸ್ತು, ಕಣ್ಣು ಹಳದಿಯಾಗುವುದು. ಬಾಗಿ ಗಡುಸಾದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಗೆ ರಕ್ತವೇ ಹೋಗುವುದಿಲ್ಲ. ಆಗ ಕೈಕಾಲಿನ ಮೂಳೆ, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು ಬರುತ್ತದೆ.

ಒಂದೇ ಮಣಿ ತಪ್ಪಿದರೆ

ಕೆಂಪು ಕಣದ ತುಂಬ ಇರುವುದು ಹೀಮೋಗ್ಲೋಬಿನ್. ಒಂದೇ ಕಣದಲ್ಲಿ ಸುಮಾರು 27 ಕೋಟಿ ಅಣುಗಳು! ಒಂದು ಅಣುವಿನಲ್ಲಿ ನಾಲ್ಕು ಸರ: ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದಲ್ಲಿ 141 ಮಣಿ, ಬೀಟಾದಲ್ಲಿ 146.

1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ರೋಗಿಗಳ ಹೀಮೋಗ್ಲೋಬಿನನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ನೋಡಿದರು. ಅದು ಸಾಮಾನ್ಯ ಹೀಮೋಗ್ಲೋಬಿನ್‌ಗಿಂತ ಬೇರೆ ರೀತಿ ಸರಿಯಿತು. ಅಂದರೆ ಆವೇಶದಲ್ಲಿ ವ್ಯತ್ಯಾಸ ಇದೆ ಎಂದಾಯಿತು. ಒಂದು ಕಾಯಿಲೆಯ ಮೂಲ ಒಂದೇ ಒಂದು ಅಣುವಿನಲ್ಲಿದೆ ಎಂದು ತೋರಿಸಿದ್ದು ಅದೇ ಮೊದಲು. ವ್ಯತ್ಯಾಸ ಎಲ್ಲಿದೆ ಎಂದು 1956-57ರಲ್ಲಿ ವರ್ನನ್ ಇಂಗ್ರಾಮ್ ಹುಡುಕಿದರು. ಬೀಟಾ ಸರದ 6ನೇ ಮಣಿ ಗ್ಲುಟಾಮಿಕ್ ಆಮ್ಲ ಆಗಿರಬೇಕಿತ್ತು. ಅಲ್ಲಿ ವ್ಯಾಲೀನ್ ಇತ್ತು. ಡಿಎನ್‌ಎಯಲ್ಲಿ ಒಂದೇ ಅಕ್ಷರ ಬದಲಾದದ್ದರಿಂದ ಹೀಗಾಗುತ್ತದೆ ಎಂದು ಈಗ ನಮಗೆ ಗೊತ್ತು.

ಮೇಲೆ ಓದಿದ್ದನ್ನು ಈಗ ನೆನಪಿಸಿಕೊಳ್ಳಿ. ಗ್ಲುಟಾಮಿಕ್ ಆಮ್ಲಕ್ಕೆ ಋಣ ಆವೇಶ ಇದೆ, ಅದು ನೀರಿನ ಜೊತೆ ಚೆನ್ನಾಗಿರುತ್ತದೆ. ವ್ಯಾಲೀನ್ ಎಣ್ಣೆ ಸ್ವಭಾವದ್ದು. ಹೀಮೋಗ್ಲೋಬಿನಿನ ಹೊರಮೈಯಲ್ಲಿ ದೂಡುವ ಆವೇಶ ಇರಬೇಕಾದ ಕಡೆ ಅಂಟುವ ಉಬ್ಬೊಂದು ಬಂದು ಕೂತಿತು. ಪಕ್ಕದ ಹೀಮೋಗ್ಲೋಬಿನ್ ಅಣುವಿನಲ್ಲಿ ಆ ಉಬ್ಬು ಕೂರುವಂಥ ಎಣ್ಣೆ ಸ್ವಭಾವದ ತಗ್ಗು ಇದೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಅಂಟುತ್ತಾ 14 ಎಳೆಗಳ ಹಗ್ಗ ತಯಾರಾಗುತ್ತದೆ. ಈ ಹಗ್ಗಗಳು ಕಣವನ್ನು ಒಳಗಿನಿಂದ ಚಾಚಿ ಬಾಗಿಸುತ್ತವೆ. ಲೋಟದಲ್ಲಿ ಹಾಲು ಒಡೆದ ಹಾಗೆಯೇ ಇದೂ. ಒಂದೇ ವ್ಯತ್ಯಾಸ: ಇಲ್ಲಿ ಬದಲಾವಣೆ ವಂಶವಾಹಿಯಲ್ಲೇ ಬರೆದುಹೋಗಿದೆ, ಅಳಿಸುವ ಫಾಸ್ಫಟೇಸ್ ಇಲ್ಲ.

ಆಮ್ಲಜನಕವೇ ಸ್ವಿಚ್

ಹಾಗಾದರೆ ಈ ಕಾಯಿಲೆಯವರ ಕಣಗಳೆಲ್ಲ ಯಾವಾಗಲೂ ಬಾಗಿಯೇ ಇರುತ್ತವಾ? ಇಲ್ಲ. ಪಕ್ಕದ ಅಣುವಿನ ಆ ತಗ್ಗು ಉಬ್ಬಿಗೆ ಹೊಂದುವುದು ಹೀಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟಿರುವಾಗ ಮಾತ್ರ. ಆಮ್ಲಜನಕ ಬಂದು ಕೂಡಿಕೊಂಡರೆ ಹೀಮೋಗ್ಲೋಬಿನಿನ ಆಕಾರ ತುಸು ತಿರುಗುತ್ತದೆ, ತಗ್ಗು ಹೊಂದುವುದಿಲ್ಲ, ಹಗ್ಗ ಕರಗುತ್ತದೆ. ಶ್ವಾಸಕೋಶದಲ್ಲಿ ಕರಗಿ, ಸ್ನಾಯು-ಮೂಳೆಗಳ ಕಡೆ ಹೋದಾಗ ಕಟ್ಟಿ, ಮತ್ತೆ ಕರಗಿ, ಹೀಗೆ ಪದೇ ಪದೇ ಆಗುವಾಗ ಪೊರೆ ಹಾಳಾಗಿ ಕೆಲವು ಕಣಗಳು ಬಾಗಿದಂತೆಯೇ ಉಳಿದುಬಿಡುತ್ತವೆ.

ಇನ್ನೊಂದು ಸಮಾಧಾನದ ವಿಷಯ ಇದೆ. ಆಮ್ಲಜನಕ ಬಿಟ್ಟ ತಕ್ಷಣ ಹಗ್ಗ ಕಟ್ಟುವುದಿಲ್ಲ, ಸ್ವಲ್ಪ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಕಣ ಕಿರಿದಾದ ನಾಳವನ್ನು ದಾಟಿ ದೊಡ್ಡ ನಾಳಕ್ಕೆ ಬಂದರೆ ಪಾರಾದ ಹಾಗೆ. ಅಂದರೆ ಇದು ಓಟದ ಪಂದ್ಯ. ಈ ಪಂದ್ಯ ಸೋಲುವುದು ಯಾವಾಗ?

• ದೇಹದಲ್ಲಿ ನೀರು ಕಡಿಮೆಯಾದಾಗ. ಕಣದೊಳಗೂ ನೀರು ಕಡಿಮೆಯಾಗಿ ಹೀಮೋಗ್ಲೋಬಿನ್ ಒತ್ತೊತ್ತಾಗುತ್ತದೆ, ಹಗ್ಗ ಬಹಳ ಬೇಗ ಕಟ್ಟುತ್ತದೆ. ಸಾಂದ್ರತೆ ಸ್ವಲ್ಪ ಹೆಚ್ಚಿದರೂ ಸಮಯ ತುಂಬಾ ಇಳಿಯುತ್ತದೆ.
• ಚಳಿಯಾದಾಗ. ಚಳಿಗೆ ಚರ್ಮದ ಕಡೆಯ ರಕ್ತನಾಳ ಸಂಕುಚಿಸುತ್ತವೆ, ಕಣ ನಿಧಾನವಾಗಿ ಸಾಗುತ್ತದೆ.
• ಜ್ವರ, ಸೋಂಕು ಬಂದಾಗ, ಮೈ ದಣಿಯುವಂತೆ ಓಡಿದಾಗ. ಆಗ ಆಮ್ಲಜನಕದ ಖರ್ಚು ಹೆಚ್ಚು, ರಕ್ತದಲ್ಲಿ ಆಮ್ಲವೂ ಹೆಚ್ಚು. ಆಮ್ಲ ಹೆಚ್ಚಿದರೆ ಹೀಮೋಗ್ಲೋಬಿನ್ ಆಮ್ಲಜನಕವನ್ನು ಬೇಗ ಬಿಡುತ್ತದೆ.
• ಎತ್ತರಕ್ಕೆ ಹೋದಾಗ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟು.

ಗೂಡಲೂರು, ಮಸಿನಗುಡಿಗಳು ಉದಕಮಂಡಲಕ್ಕಿಂತ ಬಹಳ ಕೆಳಗಿವೆ. ಅಲ್ಲಿಂದ ಮೇಲಕ್ಕೆ ಹೋಗುವಾಗ ಎತ್ತರ ಮತ್ತು ಚಳಿ ಎರಡೂ ಒಟ್ಟಿಗೆ ಸಿಗುತ್ತವೆ. ಶಾಲಾ ಪ್ರವಾಸಕ್ಕೆ ಹೊರಟಾಗ ಇದು ನೆನಪಿರಲಿ.

ಕೊಳವೆಯ ಹಿಂದಿನ ಗೆರೆ

ಪ್ರೋಟೀನ್‌ಗಳು ಅಂಟುವುದನ್ನು ಬರಿಗಣ್ಣಿಂದ ನೋಡಬಹುದಾ? ನೋಡಬಹುದು. ಆರೋಗ್ಯ ಕಾರ್ಯಕರ್ತರು ಮಾಡುವ ಕರಗುವಿಕೆ ಪರೀಕ್ಷೆಯಲ್ಲಿ ಒಂದು ದ್ರಾವಣಕ್ಕೆ ಬೆರಳ ತುದಿಯ ರಕ್ತ ಸೇರಿಸುತ್ತಾರೆ. ದ್ರಾವಣ ಕೆಂಪು ಕಣಗಳನ್ನು ಒಡೆಯುತ್ತದೆ, ಅದರಲ್ಲಿರುವ ಸೋಡಿಯಂ ಡೈಥಯೋನೈಟ್ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಕುಡುಗೋಲು ಹೀಮೋಗ್ಲೋಬಿನ್ ಇದ್ದರೆ ಅಣುಗಳು ಒಂದಕ್ಕೊಂದು ಅಂಟಿ ದ್ರಾವಣ ಮಬ್ಬಾಗುತ್ತದೆ, ಕೊಳವೆಯ ಹಿಂದೆ ಹಿಡಿದ ಕಾಗದದ ಕಪ್ಪು ಗೆರೆ ಕಾಣುವುದಿಲ್ಲ. ಇಲ್ಲದಿದ್ದರೆ ಗೆರೆ ಸ್ಪಷ್ಟ. ಈ ಪರೀಕ್ಷೆ ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಅದಕ್ಕೆ ಪೌಲಿಂಗ್ ಮಾಡಿದ ಹಾಗೆ ವಿದ್ಯುತ್ ಕ್ಷೇತ್ರದ ಪರೀಕ್ಷೆಯನ್ನೋ ಅಂಥ ಬೇರೆ ಪರೀಕ್ಷೆಯನ್ನೋ ಮಾಡಬೇಕು.

ನಂಟನ್ನು ಬಿಡಿಸುವ ಪ್ರಯತ್ನಗಳು

ಕಾರಣ ಅಂಟು ಎಂದಾದರೆ ಮದ್ದು ಅಂಟು ಬಿಡಿಸುವುದರಲ್ಲಿ ಇರಬೇಕು, ಅಲ್ವಾ? ವಿಜ್ಞಾನಿಗಳೂ ಹಾಗೇ ಯೋಚಿಸಿದರು. 1970ರ ದಶಕದ ಆರಂಭದಲ್ಲಿ ಸಯನೇಟ್ ಎಂಬ ರಾಸಾಯನಿಕವನ್ನು ಪ್ರಯೋಗಿಸಿದರು. ಅದು ಹೀಮೋಗ್ಲೋಬಿನ್ ಸರದ ತುದಿಯ ಅಮೈನೋ ಗುಂಪಿಗೆ ಅಂಟಿ, ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಂತೆ ಮಾಡುತ್ತಿತ್ತು. ಆಮ್ಲಜನಕ ಬಿಡದಿದ್ದರೆ ಹಗ್ಗ ಕಟ್ಟುವುದಿಲ್ಲ. ಲೆಕ್ಕವೇನೋ ಸರಿಯಿತ್ತು. ಆದರೆ ಸಯನೇಟ್ ದೇಹದ ಬೇರೆ ಪ್ರೋಟೀನ್‌ಗಳಿಗೂ ಅಂಟಿತು. ನರಗಳಿಗೆ ಹಾನಿಯಾಯಿತು, ಕಣ್ಣಿಗೆ ಪೊರೆ ಬಂತು. ಕೈಬಿಟ್ಟರು. ಇದೇ ಸರದ ತುದಿಗೆ ಅಂಟುವ ವೊಕ್ಸೆಲೋಟರ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2024ರಲ್ಲಿ ಅದನ್ನೂ ಹಿಂದಕ್ಕೆ ಪಡೆದರು, ಲಾಭಕ್ಕಿಂತ ಅಪಾಯ ಹೆಚ್ಚೆಂದು. ಒಂದು ಪ್ರೋಟೀನಿಗೆ ಮಾತ್ರ ಗುರುತು ಹಚ್ಚುವ ಜೀವಕೋಶದ ಜಾಣ್ಮೆ ನಮಗೆ ಇನ್ನೂ ಪೂರ್ತಿ ಕೈವಶವಾಗಿಲ್ಲ.

ಗೆದ್ದ ದಾರಿ ಬೇರೆ. 1948ರಲ್ಲಿ ಜಾನೆಟ್ ವಾಟ್ಸನ್ ಎಂಬ ವೈದ್ಯೆ ಒಂದು ವಿಷಯ ಗಮನಿಸಿದ್ದರು: ಹುಟ್ಟಿದ ಕೂಸುಗಳಲ್ಲಿ ಕುಡುಗೋಲು ಕಣ ಬಹಳ ಕಡಿಮೆ. ಯಾಕೆಂದರೆ ಗರ್ಭದಲ್ಲಿರುವ ಮಗುವಿನ ಹೀಮೋಗ್ಲೋಬಿನ್ ಬೇರೆ. ಅದರಲ್ಲಿ ಬೀಟಾ ಬದಲು ಗಾಮಾ ಸರ ಇರುತ್ತದೆ. ಗಾಮಾ ಸರ ಹಗ್ಗದಲ್ಲಿ ಹೊಂದುವುದಿಲ್ಲ, ಹೆಣಿಗೆಯ ನಡುವೆ ಬಂದು ಎಳೆ ತಪ್ಪಿಸುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಈ ಹೀಮೋಗ್ಲೋಬಿನ್ ಕಡಿಮೆಯಾಗುತ್ತದೆ, ಆಮೇಲೆ ಕಾಯಿಲೆ ತಲೆ ಎತ್ತುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಗರ್ಭಕಾಲದ ಹೀಮೋಗ್ಲೋಬಿನನ್ನು ಮತ್ತೆ ಹೆಚ್ಚಿಸುತ್ತದೆ. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು, ಇಂದು ಭಾರತದಲ್ಲೂ ವೈದ್ಯರು ಕೊಡುತ್ತಾರೆ. ನೋವಿನ ಸರದಿಗಳು ಇದರಿಂದ ಕಡಿಮೆಯಾಗುತ್ತವೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾ ಸೇವಿಸಬೇಕಾದ ಮಾತ್ರೆ ಇದು.

ಗೂಡಲೂರಿನಲ್ಲಿ 1990ರಿಂದ ಕೆಲಸ ಮಾಡುತ್ತಿರುವ ಅಶ್ವಿನಿ ಸಂಸ್ಥೆ ಆದಿವಾಸಿ ಆಸ್ಪತ್ರೆ ನಡೆಸುತ್ತಾ ಈ ರೋಗಿಗಳ ಆರೈಕೆ ಮಾಡುತ್ತಿದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು ಅದರ ಗುರಿ. ಕರ್ನಾಟಕ, ತಮಿಳುನಾಡು ಎರಡೂ ಅದರಲ್ಲಿವೆ.

ನಿಮ್ಮ ತರಗತಿಯಲ್ಲಿ

ಇದು ಅಂಟುರೋಗ ಅಲ್ಲ. ಅಂಟುವುದು ಹೀಮೋಗ್ಲೋಬಿನ್‌ಗಳು, ಮನುಷ್ಯರಿಗೆ ಮನುಷ್ಯರಿಂದ ಅಂಟುವುದಿಲ್ಲ. ಒಟ್ಟಿಗೆ ಕೂರಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಯಾರ ಪಾಪದ ಫಲವೂ ಅಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕುಡುಗೋಲು ವಂಶವಾಹಿ ಬಂದರೆ ಕಾಯಿಲೆ. ಒಂದೇ ಬಂದರೆ ವಾಹಕರು. ವಾಹಕರ ಕಣದಲ್ಲಿ ಸಾಮಾನ್ಯ ಹೀಮೋಗ್ಲೋಬಿನ್ ಕೂಡ ಇರುವುದರಿಂದ ಹಗ್ಗ ಸುಲಭವಾಗಿ ಕಟ್ಟುವುದಿಲ್ಲ, ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಷ್ಟೇ ಅಲ್ಲ, ಮಲೇರಿಯಾದ ತೀವ್ರ ರೂಪದಿಂದ ಅವರಿಗೆ ರಕ್ಷಣೆ ಇದೆ ಎಂದು 1954ರಲ್ಲಿ ಆಂಥನಿ ಆಲಿಸನ್ ತೋರಿಸಿದರು. ಮಲೇರಿಯಾ ಕಾಡುತ್ತಿದ್ದ ಕಾಡುಸೀಮೆಗಳಲ್ಲಿ ಈ ವಂಶವಾಹಿ ಉಳಿದುಬಂದದ್ದಕ್ಕೆ ಕಾರಣ ಇದೇ.

ನಿಮ್ಮ ಗೆಳೆಯನಿಗೋ ಗೆಳತಿಗೋ ಈ ಕಾಯಿಲೆ ಇದ್ದರೆ ನೀವು ಮಾಡಬಹುದಾದದ್ದು ಬಹಳ ಇದೆ. ಪಾಠದ ನಡುವೆ ನೀರು ಕುಡಿದರೆ, ಮೂತ್ರಕ್ಕೆ ಪದೇ ಪದೇ ಎದ್ದು ಹೋದರೆ ನಗಬೇಡಿ. ಚಳಿಯಲ್ಲಿ ಸ್ವೆಟರ್ ಇಲ್ಲದಿದ್ದರೆ ಶಿಕ್ಷಕರಿಗೆ ತಿಳಿಸಿ. ಆಟದಲ್ಲಿ ಸುಸ್ತಾಗಿ ಕೂತರೆ ಎಳೆಯಬೇಡಿ. ಕಾಲು ನೋವು ಎಂದರೆ ‘ನೆಪ ಹೇಳ್ತಾನೆ’ ಅನ್ನಬೇಡಿ. ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತನಾಳ ಕಟ್ಟಿರಬಹುದು. ಜ್ವರ, ಎದೆನೋವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ದೊಡ್ಡವರಿಗೆ ಹೇಳಿ. ಶಾಲೆಗೆ ಪರೀಕ್ಷೆಯ ತಂಡ ಬಂದರೆ ಬೆರಳು ಚಾಚಲು ಹೆದರಬೇಡಿ. ಬಂದ ಫಲಿತಾಂಶ ಅವರವರ ಸ್ವಂತ ವಿಷಯ, ಊರಿಗೆಲ್ಲ ಹೇಳಿಕೊಂಡು ತಿರುಗುವುದಲ್ಲ.

ಯೋಚಿಸಿ ಉತ್ತರಿಸಿ

1. ಹಾಲಿಗೆ ನಿಂಬೆರಸದ ಬದಲು ಸಕ್ಕರೆ ನೀರು ಹಾಕಿದರೆ ಒಡೆಯುವುದಿಲ್ಲ. ಯಾಕೆ?
2. ಕೈನೇಸ್ ಮತ್ತು ಫಾಸ್ಫಟೇಸ್ ಎರಡರಲ್ಲಿ ಒಂದೇ ಇದ್ದಿದ್ದರೆ ಜೀವಕೋಶಕ್ಕೆ ಏನು ತೊಂದರೆ ಆಗುತ್ತಿತ್ತು?
3. ಬೀಟಾ ಸರದ 6ನೇ ಜಾಗದಲ್ಲಿ ವ್ಯಾಲೀನ್ ಬದಲು ಋಣ ಆವೇಶದ ಇನ್ನೊಂದು ಅಮೈನೋ ಆಮ್ಲ ಬಂದಿದ್ದರೆ ಹಗ್ಗ ಕಟ್ಟುತ್ತಿತ್ತೇ? ಕಾರಣ ಕೊಡಿ.
4. ಹುಟ್ಟಿದ ಎರಡೇ ತಿಂಗಳ ಮಗುವಿಗೆ ಕರಗುವಿಕೆ ಪರೀಕ್ಷೆ ಮಾಡಿದರೆ ಫಲಿತಾಂಶವನ್ನು ಯಾಕೆ ಪೂರ್ತಿ ನಂಬಲಾಗದು?
5. ತಂದೆ ತಾಯಿ ಇಬ್ಬರೂ ವಾಹಕರು. ಚೌಕುಳಿ ಹಾಕಿ ನೋಡಿ: ಪ್ರತಿ ಮಗುವಿಗೂ ಕಾಯಿಲೆ ಬರುವ, ವಾಹಕ ಆಗುವ, ಎರಡೂ ಆಗದಿರುವ ಸಾಧ್ಯತೆ ಎಷ್ಟೆಷ್ಟು?

ಐದನೇ ಪ್ರಶ್ನೆಯ ಉತ್ತರ 25, 50, 25 ಶೇಕಡಾ ಬಂದರೆ ನಿಮ್ಮ ಲೆಕ್ಕ ಸರಿ. ಮೊದಲ ಮಗುವಿಗೆ ಕಾಯಿಲೆ ಬಂದಿದೆ, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ. ಪ್ರತಿ ಸಲವೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ. ಈ ಒಂದು ಮಾತನ್ನು ಮನೆಯಲ್ಲೂ ಹೇಳಿ.